ಸಿಖೋಟೆ-ಅಲಿನ್ ಉಲ್ಕಾಶಿಲೆ: ತೂಕ ಆಮೇಲೆ, ಮೊದಲು ಮೈ ನೋಡಿ

ಕಬ್ಬಿಣದ ಉಲ್ಕಾಶಿಲೆ ಆನ್‌ಲೈನ್‌ನಲ್ಲಿ ತರಿಸಬೇಕು ಅಂತಿರುವವರು ಇದನ್ನು ಓದಿ. ನಾನು ತರಿಸಿದ್ದು ರಷ್ಯಾದ ಸಿಖೋಟೆ-ಅಲಿನ್ ತುಂಡು, 52 ಗ್ರಾಂ. ಅಂಗೈ ಮಧ್ಯೆ ಕೂರುವಷ್ಟು ಚಿಕ್ಕದು, ಆದರೆ ಕೈಗೆ ತಗೊಂಡ ತಕ್ಷಣ ಆ ಭಾರ ಗೊತ್ತಾಗುತ್ತದೆ. ನನಗಂತೂ ತುಂಬಾ ಇಷ್ಟವಾಯಿತು. ಒಂದು ದೂರೂ ಇದೆ, ಅದನ್ನು ಮುಂದೆ ಹೇಳ್ತೀನಿ.

ಇದು ಬಿದ್ದ ದಿನ ಗೊತ್ತಿರುವ ಉಲ್ಕೆ. 1947ರ ಫೆಬ್ರವರಿ 12ರ ಬೆಳಗ್ಗೆ, ರಷ್ಯಾದ ಪೂರ್ವ ತುದಿಯ ಸಿಖೋಟೆ-ಅಲಿನ್ ಬೆಟ್ಟಗಳ ಮೇಲೆ, ಹಾಡಹಗಲಲ್ಲೇ ಕಣ್ಣು ಕುಕ್ಕುವ ಬೆಂಕಿಯುಂಡೆ ಹಾದುಹೋಯಿತು. ಹಿಂದೆ ಬಿಟ್ಟ ಹೊಗೆ ಗಂಟೆಗಟ್ಟಲೆ ಆಕಾಶದಲ್ಲೇ ಇತ್ತು. ಇಮಾನ್ ಅನ್ನೋ ಊರಿನಲ್ಲಿದ್ದ ಚಿತ್ರಕಾರ ಮೆದ್ವೆದೆವ್ ಅದನ್ನು ಕಣ್ಣಾರೆ ನೋಡಿ ಚಿತ್ರ ಬರೆದರು, ಹತ್ತು ವರ್ಷದ ನಂತರ, 1957ರಲ್ಲಿ, ಸೋವಿಯತ್ ಸರ್ಕಾರ ಅದೇ ಚಿತ್ರವನ್ನು ಅಂಚೆಚೀಟಿಯಲ್ಲಿ ಹಾಕಿತು. ಕಾಡಿನ ನೆಲದಲ್ಲಿ ನೂರಕ್ಕೂ ಜಾಸ್ತಿ ಗುಂಡಿ ಬಿದ್ದಿದ್ದವು. ಎಲ್ಲಕ್ಕಿಂತ ದೊಡ್ಡದು ಸುಮಾರು 26 ಮೀಟರ್ ಅಗಲ.

ಅಂಗಡಿಗಳಲ್ಲಿ ಇದರ ಎರಡು ಬಗೆ ಸಿಗುತ್ತದೆ. ಒಂದು, ಕೆಳಗೆ ಬಂದ ಮೇಲೆ ಸಿಡಿದು ಹರಿದ ಚೂರು: ತಿರುಚಿಕೊಂಡಿರುತ್ತದೆ, ಅಂಚು ಚೂಪು, ಬೆಲೆ ಕಡಿಮೆ. ಇನ್ನೊಂದು, ಮೇಲೆಯೇ ಒಡೆದು ಒಂಟಿಯಾಗಿ ಗಾಳಿಯಲ್ಲಿ ಉರಿಯುತ್ತಾ ಬಂದ ಇಡೀ ತುಂಡು. ಬೆಲೆ ಜಾಸ್ತಿಯಾದರೂ ಎರಡನೆಯದನ್ನೇ ತಗೊಳ್ಳಿ. ಗಾಳಿ ಕೊರೆದ ಗುರುತೆಲ್ಲ ಉಳಿದಿರುವುದು ಅದರ ಮೇಲೇ.

ನನ್ನ ತುಂಡಿನ ಒಂದು ಮುಖದಲ್ಲಿ ಹಸಿ ಮಣ್ಣಿಗೆ ಹೆಬ್ಬೆರಳು ಒತ್ತಿದ ಹಾಗೆ ಕುಳಿಗಳಿವೆ. ಗಾಳಿಯ ಸುಳಿಗಳು ಕಬ್ಬಿಣವನ್ನು ಕರಗಿಸಿ ಎಳೆದುಕೊಂಡು ಹೋದ ಜಾಗ ಅದು. ಅಕ್ಕಸಾಲಿಗರು ಬಳಸುವ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ (ಪುಟ್ಟ ಭೂತಗನ್ನಡಿ) ಹಿಡಿದು, ಟಾರ್ಚನ್ನು ಪಕ್ಕದಿಂದ ಓರೆಯಾಗಿ ಬಿಟ್ಟು ನೋಡಿ, ಆಗ ನಿಜವಾದ ಮಜಾ ಶುರು. ಕುಳಿಗಳ ನಡುವಿನ ಏಣಿನ ಮೇಲೆ ತೀರಾ ಸಣ್ಣ ಗೆರೆಗಳು ಕಾಣುತ್ತವೆ, ಅವು ಬೀಳುವಾಗ ಮುಂದಿದ್ದ ಮುಖದಿಂದ ಕವಲೊಡೆಯುತ್ತಾ ಹಿಂದಕ್ಕೆ ಹರಿದಿವೆ. ಕರಗಿದ ಲೋಹ ಹರಿದ ದಾರಿ ಅದು. ಹಿಂದಿನ ಅಂಚಿಗೆ ಬಂದರೆ ಅದೇ ಲೋಹ ಮಡಚಿಕೊಂಡು ತೆಳುವಾದ ತುಟಿಯಾಗಿ ನಿಂತಿದೆ. ಉಗುರು ಆಡಿಸಿದರೆ ಸಿಕ್ಕಿಕೊಳ್ಳುತ್ತದೆ! ಇದೆಲ್ಲ ಆಗಿದ್ದು ಕೆಲವೇ ಸೆಕೆಂಡಿನಲ್ಲಿ. ಅಷ್ಟು ಹೊತ್ತಿಗೆ ಬಿಸಿ ಒಳಗೆ ಇಳಿಯೋದಿಲ್ಲ, ಹಾಗಾಗಿ ಕರಗಿದ್ದು ಬರೀ ಹೊರಮೈ.

ಈಗ ದೂರು. ಮಾರಿದವರು ‘ಉಜ್ಜಿಲ್ಲ, ಇದ್ದ ಹಾಗೇ ಇದೆ’ ಎಂದು ಬರೆದಿದ್ದರು. ಆದರೆ ಒಂದು ಬದಿಗೆ ತಂತಿ ಬ್ರಷ್ ಹಾಕಿದ್ದಾರೆ, ಅನುಮಾನವೇ ಇಲ್ಲ. ಬ್ರಷ್‌ನ ಗೀರುಗಳು ಒಂದೇ ದಿಕ್ಕಿಗೆ ಸಾಲಾಗಿ ಇರುತ್ತವೆ, ಏಣಿನ ತಲೆಯನ್ನು ಮಾತ್ರ ಸವರಿ ಹೋಗುತ್ತವೆ, ಕುಳಿಯ ತಳಕ್ಕೆ ಇಳಿಯೋದಿಲ್ಲ. ಆ ಬದಿ ಫಳಫಳ ಹೊಳೆಯುತ್ತಿದೆ, ಆದರೆ ನೀಲಿ ಮಿಶ್ರಿತ ಕಪ್ಪು ಸಿಪ್ಪೆ ಹೋಗಿಬಿಟ್ಟಿದೆ. ಕರಗಿ ಗಟ್ಟಿಯಾದ ಆ ಸಿಪ್ಪೆ ಒಂದು ಮಿಲಿಮೀಟರೂ ದಪ್ಪ ಇರೋದಿಲ್ಲ. ಒಮ್ಮೆ ಹೋದರೆ ಹೋಯಿತು. ಎಪ್ಪತ್ತೈದು ವರ್ಷಕ್ಕಿಂತ ಹೆಚ್ಚು ಉಳಿದುಕೊಂಡು ಬಂದಿದ್ದನ್ನು ಸುಮ್ನೆ ಹೊಳಪಿಗೋಸ್ಕರ ಉಜ್ಜಿ ತೆಗೆಯೋದು ನೋಡಿದರೆ ಹೊಟ್ಟೆ ಉರಿಯುತ್ತದೆ. ಫೋಟೋದಲ್ಲಿ ಆ ಬದಿಯನ್ನು ತೋರಿಸಿಯೇ ಇರಲಿಲ್ಲ. ಅದಕ್ಕೇ ಹೇಳೋದು, ಆರೂ ಕಡೆಯ ಫೋಟೋ ಕೇಳಿ, ಓರೆ ಬೆಳಕಿನಲ್ಲಿ ತೆಗೆದದ್ದೇ ಬೇಕು ಅನ್ನಿ. ಕೊಡಲ್ಲ ಅಂದರೆ ಬೇರೆ ಕಡೆ ನೋಡಿ.

ಅಸಲಿಯಾ ಅಂತ ಕೇಳುವವರಿಗೆ: ಅಯಸ್ಕಾಂತ ಅಂಟಿತು ಅಂದ ಮಾತ್ರಕ್ಕೆ ನಂಬಬೇಡಿ, ಮಾಮೂಲಿ ಕಬ್ಬಿಣಕ್ಕೂ ಅಂಟುತ್ತದೆ. ಮೈತುಂಬ ಗುಳ್ಳೆ ಒಡೆದ ತೂತುಗಳಿದ್ದರೆ ಅದು ಬಹುಪಾಲು ಕುಲುಮೆಯ ಕಿಟ್ಟ. ಅಸಲಿ ಸಿಖೋಟೆ-ಅಲಿನ್‌ನಲ್ಲಿ ಸುಮಾರು ಶೇ. 6 ನಿಕ್ಕಲ್ ಇದೆ, ಸಂಶಯ ಬಂದರೆ ಅದನ್ನೇ ಪರೀಕ್ಷೆ ಮಾಡಿಸಬೇಕು. ಇನ್ನು ಕೆಲವು ಕಬ್ಬಿಣದ ಉಲ್ಕಾಶಿಲೆಗಳನ್ನು ಕತ್ತರಿಸಿ ಆಸಿಡ್ ಹಾಕಿದರೆ ಒಂದನ್ನೊಂದು ದಾಟುವ ಪಟ್ಟಿಗಳ ವಿನ್ಯಾಸ ಬರುತ್ತದಲ್ವಾ, ಅದರ ಆಸೆಯಿದ್ದರೆ ಇದು ಬೇಡ. ಸಿಖೋಟೆ-ಅಲಿನ್‌ನಲ್ಲಿ ಒಂದೊಂದು ಪಟ್ಟಿಯೇ ಸುಮಾರು ಒಂದು ಸೆಂಟಿಮೀಟರ್ ಅಗಲ, ಚಿಕ್ಕ ತುಂಡಿನಲ್ಲಿ ಏನೂ ಕಾಣಿಸದು. ಅದಕ್ಕೆ ನಮೀಬಿಯಾದ ಗಿಬಿಯೋನ್ ಉಲ್ಕಾಶಿಲೆ ಒಳ್ಳೆಯದು.

ನಮ್ಮ ಕರಾವಳಿಯಂಥ ಕಡೆ ಮಳೆಗಾಲದಲ್ಲಿ ತುಕ್ಕು ಹಿಡಿಯೋದು ಗ್ಯಾರಂಟಿ. ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ. ಜೆಲ್ ತೇವ ಎಳೆದುಕೊಂಡ ಮೇಲೆ ಬದಲಾಯಿಸಿ. ಬೆವರು ಕೈಯಲ್ಲಿ ಮುಟ್ಟಿದರೆ ಒಣ ಬಟ್ಟೆಯಿಂದ ಒರೆಸಿಯೇ ಒಳಗಿಡಿ.

ತುಂಡಿಗೆ ಐದಕ್ಕೆ ಐದು. ಮಾರಿದವರಿಗೆ ಮೂರು, ಅದೂ ಪ್ಯಾಕಿಂಗ್ ಚೆನ್ನಾಗಿತ್ತು ಅನ್ನೋ ಕಾರಣಕ್ಕೆ.