ಬನ್ ಒಳಗಿನ ಕೈಮಾ: ಕುರಿಯೋ, ಕೋಳಿಯೋ?

ಅಮೆರಿಕದವರ ಸ್ಲಾಪಿ ಜೋ ದನದ ಮಾಂಸದ ಕೈಮಾದಲ್ಲಿ ಮಾಡುವ ತಿನಿಸು. ಈರುಳ್ಳಿ, ಟೊಮೆಟೊ ಸಾಸ್ ಹಾಕಿ ಸಿಹಿ-ಹುಳಿಯಾಗಿ ಬೇಯಿಸಿ ಬನ್ ಮಧ್ಯೆ ತುಂಬುತ್ತಾರೆ. 1969ರಿಂದ ಅಲ್ಲಿ ಮ್ಯಾನ್‌ವಿಚ್ ಅನ್ನುವ ಡಬ್ಬಿ ಸಾಸ್ ಕೂಡ ಇದೆ. ಕೈಮಾ ಹುರಿದು ಅದನ್ನು ಸುರಿದರೆ ರಾತ್ರಿ ಊಟ ಆಯಿತು. ಹಾಸನದ ನಮ್ಮ ಮನೆಗೆ ದನದ ಮಾಂಸ ತರುವುದಿಲ್ಲ. ಹಾಗಾಗಿ ಕುರಿ, ಕೋಳಿ, ಸೋಯಾ ಮೂರರಲ್ಲೂ ಮಾಡಿ ನೋಡಿದ್ದೇನೆ. ಮಕ್ಕಳು ಟ್ಯೂಷನ್ ಮುಗಿಸಿ ಹಸಿದು ಬರುವ ಹೊತ್ತಿಗೆ ತಟ್ಟೆಗೆ ಬೀಳಬೇಕು, ಅದೇ ನನ್ನ ಲೆಕ್ಕ.

ರುಚಿಗೆ ಕುರಿಯೇ. ಇದರಲ್ಲಿ ಎರಡು ಮಾತಿಲ್ಲ. ಕಾರಣ ಕೊಬ್ಬು. ಕೊಬ್ಬು ಕರಗಿ ಟೊಮೆಟೊ ಜೊತೆ ಬೆರೆತರೆ ಮಾತ್ರ ಗೊಜ್ಜು ಮಾಂಸಕ್ಕೆ ಅಂಟಿಕೊಳ್ಳುತ್ತದೆ. ಆದರೆ ನಮ್ಮ ಕಡೆ ಕೈಮಾ ಅಂದ ತಕ್ಷಣ ಅಂಗಡಿಯವರು ಉಂಡೆಗೆ ಅಂದುಕೊಳ್ಳುತ್ತಾರೆ. ನುಣ್ಣಗೆ ಮಾಡಿ ಕೊಡುತ್ತಾರೆ. "ಅಣ್ಣಾ, ಉಂಡೆಗಲ್ಲ. ಸ್ವಲ್ಪ ಕೊಬ್ಬು ಇರಲಿ, ಒಂದೇ ಸಲ ಮೆಷಿನ್‌ಗೆ ಹಾಕಿ" ಅಂತ ಮೊದಲೇ ಹೇಳಿಬಿಡಿ. ನುಣ್ಣಗಿದ್ದರೆ ಬಾಣಲೆಯಲ್ಲಿ ಮುದ್ದೆ ಕಟ್ಟುತ್ತದೆ. ಅಗಲವಾದ ಬಾಣಲೆ, ಜೋರು ಉರಿ. ನೀರೆಲ್ಲ ಇಂಗಿ ಕೈಮಾ ಕಂದು ಬಣ್ಣಕ್ಕೆ ತಿರುಗುವವರೆಗೂ ಈರುಳ್ಳಿ ಹಾಕಬೇಡಿ. ಆಮೇಲೆ ಈರುಳ್ಳಿ, ಬೆಳ್ಳುಳ್ಳಿ, ದಪ್ಪ ಮೆಣಸಿನಕಾಯಿ. ತೊಂದರೆ ಒಂದೇ, ಮೆತ್ತಗಾಗಲು ಸಣ್ಣ ಉರಿಯಲ್ಲಿ ಅರ್ಧ ಗಂಟೆ ಬೇಕು. ಕುಕ್ಕರ್‌ನಲ್ಲಿ ಮೂರು ವಿಷಲ್ ಕೂಗಿಸಿದರೆ ಬೇಗ ಆಗುತ್ತದೆ. ಮುಚ್ಚಳ ತೆಗೆದ ಮೇಲೆ ಮತ್ತೆ ನೀರು ಇಂಗಿಸಬೇಕು.

ಕೋಳಿ ಇಪ್ಪತ್ತು ನಿಮಿಷದ ಕೆಲಸ, ಬೆಲೆಯೂ ಕಡಿಮೆ. ಎದೆ ಭಾಗದ ಕೈಮಾ ಮಾತ್ರ ಬೇಡ, ಪುಡಿಪುಡಿಯಾಗಿ ಒಣಗುತ್ತದೆ. ತೊಡೆ ಮಾಂಸ ಬಿಡಿಸಿ ಕೊಡಲು ಕೇಳಿ. ಅದರಲ್ಲೂ ಕೊಬ್ಬು ಕಡಿಮೆಯೇ, ಅದಕ್ಕೇ ಕೊನೆಗೆ ಒಂದು ಚಮಚ ಬೆಣ್ಣೆ ಹಾಕುತ್ತೇನೆ. ವಾರದ ಮಧ್ಯೆ ನಮ್ಮಲ್ಲಿ ಇದೇ ನಡೆಯುವುದು. ಕುರಿ ಭಾನುವಾರಕ್ಕೆ.

ಸೋಯಾ ಹರಳು ಸೋಮವಾರ, ಶನಿವಾರ ಮಾಂಸ ಮಾಡದ ಮನೆಗಳಿಗೆ ಪರವಾಗಿಲ್ಲ. ಬಿಸಿನೀರಲ್ಲಿ ನೆನೆಸಿ ಗಟ್ಟಿಯಾಗಿ ಹಿಂಡಿ. ಇಲ್ಲದಿದ್ದರೆ ಅದರ ವಾಸನೆ ಉಳಿಯುತ್ತದೆ.

ಇನ್ನು ಸಾಸ್. ಬರೀ ಕೆಚಪ್ ಹಾಕಿದರೆ ಮಕ್ಕಳು ಚಪ್ಪರಿಸಿ ತಿನ್ನುತ್ತಾರೆ, ದೊಡ್ಡವರಿಗೆ ಸಿಹಿ ಜಾಸ್ತಿ. ಅಮೆರಿಕದ ಅಡುಗೆಯಲ್ಲಿ ಕೆಚಪ್ ಜೊತೆ ವೂಸ್ಟರ್ ಸಾಸ್ ಬೀಳುತ್ತದೆ. ಅದರ ಬಾಟಲಿ ಮೇಲಿನ ಪಟ್ಟಿ ಓದಿ ನೋಡಿ: ವಿನೆಗರ್, ಕಾಕಂಬಿ, ಆಂಚೊವಿ ಅನ್ನುವ ಸಣ್ಣ ಮೀನು, ಜೊತೆಗೆ ಹುಣಸೆಹಣ್ಣು! ಅರ್ಧ ಕೆಲಸ ನಮ್ಮ ಡಬ್ಬಿಗಳಲ್ಲೇ ಇದೆ ಅಲ್ವಾ? ಹಾಗಾಗಿ ಅರ್ಧ ಕೆಜಿ ಕೈಮಾಗೆ ನಾಲ್ಕು ಟೊಮೆಟೊ ರುಬ್ಬಿ, ಒಂದು ಚಮಚ ಗಟ್ಟಿ ಹುಣಸೆರಸ, ಅಷ್ಟೇ ಬೆಲ್ಲ, ಬ್ಯಾಡಗಿ ಮೆಣಸಿನಪುಡಿ, ಕೊನೆಗೆ ಕುಟ್ಟಿದ ಕಾಳುಮೆಣಸು ಹಾಕುತ್ತೇನೆ. ಕೆಚಪ್ ಎರಡೇ ಚಮಚ, ಹೊಳಪಿಗೆ. ಗರಂ ಮಸಾಲೆ ಬೇಡವೇ ಬೇಡ. ಅದು ಬಿದ್ದರೆ ಮುಂಬೈ ಕಡೆಯ ಕೀಮಾ ಪಾವ್ ಆಗಿಬಿಡುತ್ತದೆ, ಅದು ಬೇರೆಯೇ ಅಡುಗೆ. ಬಾಣಲೆಯಲ್ಲಿ ಸೌಟಿನಿಂದ ಗೆರೆ ಎಳೆದರೆ ಗೊಜ್ಜು ತಕ್ಷಣ ಕೂಡಬಾರದು, ಅಷ್ಟು ಗಟ್ಟಿ ಇರಲಿ.

ಬನ್‌ಗೆ ಇಲ್ಲಿ ಬರವಿಲ್ಲ. ಬೆಂಗಳೂರಿನ ಅಯ್ಯಂಗಾರ್ ಬೇಕರಿಗಳವರಲ್ಲಿ ಎಷ್ಟೋ ಜನ ನಮ್ಮ ಹಾಸನ ಜಿಲ್ಲೆಯವರೇ. ಸಿಹಿ ಬನ್ ಬೇಡ, ಪಾವ್ ತನ್ನಿ. ಬ್ರೆಡ್ ಸ್ಲೈಸ್ ನೆನೆದು ಕೈಯಲ್ಲೇ ಹರಿಯುತ್ತದೆ. ಪಾವ್ ಸೀಳಿ ಒಳಗಡೆ ಬೆಣ್ಣೆ ಸವರಿ ಕಾವಲಿ ಮೇಲೆ ಕೆಂಪಗೆ ಸುಡಿ, ಗೊಜ್ಜು ಬೇಗ ಇಳಿಯುವುದಿಲ್ಲ.

ಕುರಿಯದು ಉಳಿದರೆ ಫ್ರಿಜ್‌ನಲ್ಲಿಟ್ಟು ಮರುದಿನ ಬೆಳಿಗ್ಗೆ ಚೆನ್ನಾಗಿ ಕುದಿಸಿ ಅಕ್ಕಿರೊಟ್ಟಿ ಜೊತೆ ತಿನ್ನಿ, ರಾತ್ರಿಗಿಂತ ರುಚಿ. ಕೋಳಿಯದನ್ನು ಅಂದೇ ಖಾಲಿ ಮಾಡಿ, ಮತ್ತೆ ಬಿಸಿ ಮಾಡಿದರೆ ಬಿರುಸಾಗುತ್ತದೆ.