ಕಠ್ಮಂಡುವಿನಲ್ಲಿ ಎಲ್ಲಿ ಉಳಿಯೋದು: ಥಮೇಲ್, ಬೌದ್ಧನಾಥ, ಪಾಟನ್

ಗೆಳೆಯರ ಜೊತೆ ಮೂರು ನಾಲ್ಕು ದಿನಕ್ಕೆ ಕಠ್ಮಂಡುವಿಗೆ ಹೊರಟವರು ಕೇಳಿದರೆ ನಾನು ಹೇಳುವುದು ಒಂದೇ ಮಾತು. ನದಿಯ ಆಚೆ ದಡದ ಹಳೆಯ ಊರು ಪಾಟನ್‌ನಲ್ಲಿ ಉಳಿಯಿರಿ. ಪ್ರವಾಸಿಗರೇ ತುಂಬಿರುವ ಬಡಾವಣೆ ಥಮೇಲ್‌ನಲ್ಲಿ ರೂಮು ಮಾಡಿ, ಮಧ್ಯಾಹ್ನ ಒಂದು ಗಳಿಗೆ ಪಾಟನ್ ನೋಡಿ ಬರುವುದಲ್ಲ. ಅಲ್ಲೇ ಮಲಗಿ ಅಲ್ಲೇ ಏಳಬೇಕು.

ನಮ್ಮ ಗುಂಪು ಮೊದಲ ಸಲ ಹೋದಾಗ ಥಮೇಲ್‌ನಲ್ಲಿ ಇತ್ತು. ಮುಂದಿನ ಸಲ ಅದೇ ಗುಂಪು ಪಾಟನ್‌ನಲ್ಲಿ ಉಳಿಯಿತು, ವಾಪಸ್ ಬರುವ ಹಿಂದಿನ ರಾತ್ರಿ ದೊಡ್ಡ ಸ್ತೂಪವಿರುವ ಬೌದ್ಧನಾಥದಲ್ಲಿ ಕಳೆಯಿತು. ಹೀಗಾಗಿ ಮೂರೂ ಕಡೆಯ ರುಚಿ ಗೊತ್ತು.

ವೀಸಾ ಬೇಡ ಅನ್ನುವುದು ನಿಮಗೆ ಗೊತ್ತೇ ಇದೆ. ಆಧಾರ್ ಒಂದನ್ನೇ ನಂಬಿ ಏರ್‌ಪೋರ್ಟಿಗೆ ಹೋಗಬೇಡಿ, ದೊಡ್ಡವರಿಗೆ ಪಾಸ್‌ಪೋರ್ಟ್ ಇಲ್ಲವೇ ವೋಟರ್ ಐಡಿ ಬೇಕು. ನಮ್ಮ 100 ರೂಪಾಯಿಗೆ ಅಲ್ಲಿಯ 160. ಅಂಗಡಿಯವರು ದರ ಹೇಳಿದಾಗ ‘ಐಸಿನಾ, ಎನ್‌ಸಿನಾ’ ಅಂತ ಕೇಳಿಬಿಡಿ. ಐಸಿ ಅಂದರೆ ಭಾರತದ ರೂಪಾಯಿ, ಎನ್‌ಸಿ ಅಂದರೆ ನೇಪಾಳದ್ದು. ಇನ್ನು ವಿಷಯಕ್ಕೆ ಬರುತ್ತೇನೆ.

ಥಮೇಲ್‌ಗೆ ಜನ ಸುಮ್ನೆ ಹೋಗುವುದಿಲ್ಲ. ಕಡಿಮೆ ದುಡ್ಡಿಗೆ ರೂಮು ಸಿಗುತ್ತದೆ. ಟ್ರೆಕ್ಕಿಂಗ್ ಸಾಮಾನು ಬೇಕಿದ್ದರೆ ಸಾಲು ಸಾಲು ಅಂಗಡಿ. ರಾತ್ರಿ ಎಷ್ಟು ಹೊತ್ತಾದರೂ ಮೊಮೊ ಸಿಗುತ್ತದೆ. ಅಸನ್ ಬಜಾರಿಗೆ ನಡೆದೇ ಹೋಗಬಹುದು. ಮಸಾಲೆ, ಹಿತ್ತಾಳೆ ಪಾತ್ರೆ, ಒಣಮೀನು ಎಲ್ಲ ಒಂದೇ ಕಡೆ ರಾಶಿ ಬಿದ್ದಿರುವ ಆ ಚೌಕ ನನಗೆ ಬಹಳ ಇಷ್ಟವಾಯಿತು.

ತೊಂದರೆ ಇರುವುದು ರಾತ್ರಿಯದು. ನಮ್ಮ ಹೋಟೆಲಿನ ಎದುರಿನ ತಾರಸಿಯಲ್ಲಿ ಲೈವ್ ಬ್ಯಾಂಡ್, ಪಕ್ಕದ ಕಟ್ಟಡದಲ್ಲಿ ಡಿಸ್ಕೋ. ಬ್ಯಾಂಡಿನವರು ಸುಧಾರಿಸಿಕೊಳ್ಳುವಾಗ ಡಿಸ್ಕೋದ ಹಾಡು ಕೇಳುತ್ತಿತ್ತು. ಎರಡೂ ಸೇರಿದಾಗ ಯಾವ ಹಾಡೂ ಇಲ್ಲ, ಬರೀ ಧಬ್ ಧಬ್. ಕಿಟಕಿಯ ಗಾಜು ಚೌಕಟ್ಟಿನೊಳಗೇ ಗಡಗಡ ಅದುರುತ್ತಿತ್ತು. ಬೋರ್ಡಿಂಗ್ ಪಾಸ್ ಮಡಚಿ ಸಂದಿಗೆ ತುರುಕಿದೆವು. ಗಾಜು ಸುಮ್ಮನಾಯಿತು, ಧಬ್ ಧಬ್ ಮಾತ್ರ ಗೋಡೆಯಲ್ಲೇ ಬರುತ್ತಿತ್ತು.

ರಿಸೆಪ್ಷನ್‌ನ ಹುಡುಗ ಪಾಪ ಒಳ್ಳೆಯವನು. ಆ ಹೊತ್ತಿನಲ್ಲೂ ಹಿಂದಿನ ಬದಿಯ ರೂಮು ತೆಗೆದುಕೊಟ್ಟ. ಬ್ಯಾಗು ಹೊತ್ತು ಅಲ್ಲಿಗೆ ಹೋದರೆ ಹಿಂದಿನ ಗಲ್ಲಿಯಲ್ಲೂ ಒಂದು ಬಾರ್. ಅದು ಮುಚ್ಚಿದ ಮೇಲೆ ಗಲ್ಲಿಯಲ್ಲಿ ನಿಂತು ಮಾತಾಡುವವರ ಗದ್ದಲ. ಕಣ್ಣಿಗೆ ನಿದ್ದೆ ಹತ್ತುವಷ್ಟರಲ್ಲಿ ಕಸದ ಗಾಡಿ ಬಂತು.

ಇನ್ನೊಂದು ಸಂಗತಿ ನಮಗೆ ಆಮೇಲೆ ತಿಳಿಯಿತು. ನೇಪಾಳದಲ್ಲಿ ಶನಿವಾರ ರಜೆ. ಹಾಗಾಗಿ ಊರಿನವರೂ ಥಮೇಲ್‌ಗೆ ಬಂದು ಸೇರುವುದು ಶುಕ್ರವಾರ ರಾತ್ರಿ. ಬೆಂಗಳೂರಿನ ಕೆಲಸದವರು ಶನಿವಾರ ಭಾನುವಾರಕ್ಕೆ ರಜೆ ಜೋಡಿಸಿಕೊಂಡು ಹೊರಡುವುದೂ ಶುಕ್ರವಾರವೇ ಅಲ್ವಾ? ಅಲ್ಲಿ ಗದ್ದಲ ಅತಿ ಜಾಸ್ತಿ ಇರುವ ರಾತ್ರಿಗೆ ಸರಿಯಾಗಿ, ಇಡೀ ದಿನ ದಣಿದು ಹೋಗಿ ಇಳಿಯುತ್ತೇವೆ.

ನಿದ್ದೆ ಕೆಟ್ಟದ್ದು ಹೋಗಲಿ, ಬೆಳಗ್ಗೆಯೂ ಕೈತಪ್ಪುತ್ತದೆ. ಕಠ್ಮಂಡು ಕಣಿವೆಯ ಊರುಗಳನ್ನು ನೋಡಬೇಕಾದದ್ದು ಬೆಳಗ್ಗೆ ಏಳರೊಳಗೆ. ನಾವು ಎದ್ದು ತಿಂಡಿ ಮುಗಿಸಿ ಬಸಂತಪುರದ ಹಳೆಯ ಅರಮನೆಯ ಎದುರಿನ ದರ್ಬಾರ್ ಚೌಕಕ್ಕೆ ಹೋಗುವಷ್ಟರಲ್ಲಿ ಬಿಸಿಲು ಏರಿತ್ತು, ಗೈಡುಗಳು ಮುತ್ತಿಕೊಂಡಿದ್ದರು. ರಾತ್ರಿ ಕೂತು ಮಾತಾಡೋಣ ಅಂದರೆ ಒಬ್ಬರ ಕಿವಿಗೆ ಒಬ್ಬರು ಕಿರುಚಬೇಕಿತ್ತು. ವರ್ಷಕ್ಕೊಮ್ಮೆ ಸೇರುವ ಗುಂಪು ನಮ್ಮದು, ಮೈಸೂರಿನಿಂದ ಒಬ್ಬ, ಪುಣೆಯಿಂದ ಒಬ್ಬಳು. ನಾವು ಹೋದದ್ದೇ ಮಾತಾಡುವುದಕ್ಕೆ.

ಥಮೇಲೇ ಬೇಕು ಅನ್ನುವವರು ನಟ್ಟನಡುವೆ ರೂಮು ಮಾಡಬೇಡಿ. ಪಕ್ನಾಜೋಲ್ ಕಡೆ ಸರಿದರೆ ಎಷ್ಟೋ ವಾಸಿ.

ಬೌದ್ಧನಾಥದ ಬಗ್ಗೆ ನನಗೆ ದೂರೇ ಇಲ್ಲ. ಸಂಜೆ ದೀಪ ಹಚ್ಚುವ ಹೊತ್ತಿಗೆ ಸ್ತೂಪದ ಸುತ್ತ ಪ್ರದಕ್ಷಿಣೆ ಹಾಕುವ ಜನದ ಜೊತೆ ನಾವೂ ಸೇರಿಕೊಂಡೆವು. ಎಷ್ಟು ಸುತ್ತು ಬಂದೆವೋ ಯಾರೂ ಎಣಿಸಲಿಲ್ಲ. 2015ರ ಭೂಕಂಪದಲ್ಲಿ ಬಿರುಕು ಬಿಟ್ಟಿದ್ದ ಶಿಖರವನ್ನು ಮರುವರ್ಷವೇ ಮತ್ತೆ ಕಟ್ಟಿ ನಿಲ್ಲಿಸಿದ್ದಾರೆ. ತಾರಸಿಯ ಮೇಲೆ ಕೂತು ಬಿಸಿ ಥುಕ್ಪಾ (ನೂಡಲ್ಸ್ ಸೂಪು) ಕುಡಿಯುತ್ತಾ ಸ್ತೂಪದ ಮೇಲೆ ಬರೆದಿರುವ ಬುದ್ಧನ ಕಣ್ಣುಗಳನ್ನು ಎದುರಿಗೇ ನೋಡಬಹುದು. ಏರ್‌ಪೋರ್ಟ್ ಹತ್ತಿರ, ಪಶುಪತಿನಾಥವೂ ಹತ್ತಿರ. ಪಶುಪತಿನಾಥನ ಪೂಜೆಗೆ ನಮ್ಮ ಕರಾವಳಿ ಕಡೆಯಿಂದ ಭಟ್ಟರು ಹೋಗುವ ಪದ್ಧತಿ ಇದೆ, ಅದನ್ನು ನೆನೆದು ಆ ಸಾಲಿನಲ್ಲಿ ನಿಲ್ಲುವುದೇ ಒಂದು ಖುಷಿ. ಅಪ್ಪ ಅಮ್ಮನ ಜೊತೆ ಹೋಗುವುದಾದರೆ ನಾನು ಕಣ್ಣು ಮುಚ್ಚಿ ಬೌದ್ಧನಾಥ ಆರಿಸುತ್ತೇನೆ. ಗೆಳೆಯರ ಗುಂಪಿಗೆ ಮಾತ್ರ ಒಂದು ರಾತ್ರಿ ಸಾಕು. ಅಂಗಡಿಗಳು ಬೇಗ ಮುಚ್ಚುತ್ತವೆ, ಸ್ತೂಪ ಬಿಟ್ಟರೆ ಸುತ್ತಾಡುವ ಹಳೆಯ ಊರು ಅಲ್ಲಿಲ್ಲ.

ಪಾಟನ್‌ನಲ್ಲಿ ಇರುವುದೇ ಹಳೆಯ ಊರು. ಬಾಗ್ಮತಿ ನದಿಯ ಆಚೆ ದಡ, ಸರ್ಕಾರಿ ಹೆಸರು ಲಲಿತಪುರ. ನಾವು ಹಿಡಿದದ್ದು ಈ ಕಣಿವೆಯ ಮೂಲ ಜನರಾದ ನೇವಾರರ ಹಳೆಯ ಇಟ್ಟಿಗೆ ಮನೆಯೊಂದರ ಇಡೀ ಒಂದು ಮಹಡಿ. ತಲೆಗೆ ಲೆಕ್ಕ ಹಾಕಿದರೆ ಥಮೇಲ್‌ಗಿಂತ ಸ್ವಲ್ಪ ಜಾಸ್ತಿಯೇ ಆಯಿತು. ಬದಲಿಗೆ ಎಲ್ಲರೂ ಒಟ್ಟಿಗೆ ಕೂರುವ ಒಂದು ಕೋಣೆ, ಮೇಲೆ ತಾರಸಿ, ಚಹಾ ಮಾಡಿಕೊಳ್ಳಲು ಒಲೆ ಸಿಕ್ಕಿತು. ಮೆಟ್ಟಿಲು ಏಣಿಯಷ್ಟೇ ಕಡಿದು, ಬಾಗಿಲು ಗಿಡ್ಡ. ನಮ್ಮಲ್ಲಿ ಎತ್ತರದವನು ತಲೆ ಬಗ್ಗಿಸಿಯೇ ಓಡಾಡಿದ. ಮಂಡಿ ನೋವಿದ್ದವರಿಗೆ ಇದು ಆಗುವುದಿಲ್ಲ.

ಬೆಳಗ್ಗೆ ಆರಕ್ಕೆ ಚಪ್ಪಲಿ ಮೆಟ್ಟಿಕೊಂಡು ಇಳಿದರೆ ಐದೇ ನಿಮಿಷಕ್ಕೆ ಪಾಟನ್‌ನದೇ ದರ್ಬಾರ್ ಚೌಕ. ಆ ಹೊತ್ತಿನಲ್ಲಿ ಪ್ರವಾಸಿಗರು ಯಾರೂ ಇಲ್ಲ. ಚೌಕದ ಒಂದು ಬದಿಯಲ್ಲಿ ನೆಲಮಟ್ಟಕ್ಕಿಂತ ಕೆಳಗೆ ಮಂಗ ಹಿತಿ ಇದೆ. ಮೆಟ್ಟಿಲಿಳಿದು ಹೋದರೆ ಮಕರದ ಬಾಯಿಯ ಮೂರು ಕಲ್ಲಿನ ನಲ್ಲಿ. ಸಾವಿರಕ್ಕೂ ಹೆಚ್ಚು ವರ್ಷ ಹಳೆಯದು, ಇವತ್ತಿಗೂ ಅಲ್ಲಿಂದ ನೀರು ಒಯ್ಯುತ್ತಾರೆ. ಹೆಂಗಸರು ಪ್ಲಾಸ್ಟಿಕ್ ಕ್ಯಾನು ಸಾಲಾಗಿಟ್ಟು ಸರದಿಗೆ ಕಾಯುತ್ತಿದ್ದರು. ಒಬ್ಬ ಅಜ್ಜಿ ಮೊದಲು ಹಿತ್ತಾಳೆಯ ಪುಟ್ಟ ಚೊಂಬು ತುಂಬಿಸಿ ಪೂಜೆಗೆ ಬೇರೆ ಇಟ್ಟರು, ಆಮೇಲೆ ಕ್ಯಾನಿಗೆ ಹಿಡಿದರು.

ಎದುರಿಗೆ ಕೃಷ್ಣ ಮಂದಿರ. ಪಾಟನ್‌ನ ರಾಜ ಸಿದ್ಧಿ ನರಸಿಂಹ ಮಲ್ಲ 1637ರಲ್ಲಿ ಕಟ್ಟಿಸಿದ್ದು. ಸುತ್ತ ಹೆಚ್ಚಿನವು ಇಟ್ಟಿಗೆ, ಮರದ ಗುಡಿಗಳು, ಇದು ಪೂರ್ತಿ ಕಲ್ಲು. ಕೆಳಗಿನ ಅಂತಸ್ತಿನ ಪಟ್ಟಿಕೆಯಲ್ಲಿ ಮಹಾಭಾರತ, ಅದರ ಮೇಲೆ ರಾಮಾಯಣ ಕೆತ್ತಿದ್ದಾರೆ. 2015ರ ಭೂಕಂಪಕ್ಕೆ ಪಕ್ಕದ ಹರಿಶಂಕರ, ಚಾರ್ ನಾರಾಯಣ ಗುಡಿಗಳು ನೆಲಕ್ಕೆ ಬಿದ್ದರೂ ಇದು ನಿಂತಿತು. ಬಿದ್ದವನ್ನೂ ಹಳೆಯ ಮರದ ತುಂಡುಗಳನ್ನು ಹುಡುಕಿ ಸೇರಿಸಿ ಮತ್ತೆ ಎಬ್ಬಿಸಿದ್ದಾರೆ. ಹತ್ತಿರ ನಿಂತು ನೋಡಿ, ಕಪ್ಪಾದ ಹಳೆಯ ಕೆತ್ತನೆಯ ಪಕ್ಕದಲ್ಲೇ ಹೊಸ ಮರ ತಿಳಿಬಣ್ಣದಲ್ಲಿ ಕಾಣುತ್ತದೆ. ಆ ಕೆಲಸ ಮಾಡಿದ ಬಡಗಿಗಳ ಬಗ್ಗೆ ಗೌರವ ಬಂತು.

ತಿಂಡಿಗೆ ಕೃಷ್ಣ ಮಂದಿರದ ಹಿಂದಿನ ಗಲ್ಲಿಯ ಬಾರಾ. ನೆನೆಸಿ ರುಬ್ಬಿದ ಉದ್ದಿನ ಹಿಟ್ಟನ್ನು ಬೆರಳಿನಿಂದ ಹಂಚಿನ ಮೇಲೆ ಹರಡಿ, ಸುತ್ತ ಎಣ್ಣೆ ಬಿಟ್ಟು ಬೇಯಿಸುತ್ತಾರೆ. ನಮ್ಮ ಉದ್ದಿನವಡೆಯನ್ನು ಕರಿಯದೆ ತಟ್ಟಿ ಬೇಯಿಸಿದ ಹಾಗೆ. ಅಂಚು ಗರಿಗರಿ, ನಡುವೆ ಮೆತ್ತಗೆ. ಸಸ್ಯಾಹಾರಿಗಳು ‘ಸಾದಾ’ ಅಂತ ಮೊದಲೇ ಹೇಳಬೇಕು, ಮೇಲೆ ಮೊಟ್ಟೆ ಅಥವಾ ಎಮ್ಮೆಯ ಕೀಮಾ ಹಾಕುವುದು ಅಲ್ಲಿ ಮಾಮೂಲು.

ರಾತ್ರಿ ಊಟ ಆದ ಮೇಲೆ ನಾವು ಹೋಗಿ ಕೂರುತ್ತಿದ್ದದ್ದು ಫಲ್ಚಾದಲ್ಲಿ. ದಾರಿಹೋಕರು ಕೂರಲಿ ಅಂತ ಓಣಿ ಓಣಿಯಲ್ಲಿ ಕಟ್ಟಿದ ಜಗಲಿಗಳವು. ಒಂದು ಸಂಜೆ ಪಕ್ಕದಲ್ಲೇ ಹಿರಿಯರು ಹಾರ್ಮೋನಿಯಂ ಇಟ್ಟುಕೊಂಡು ಭಜನೆಗೆ ಕೂತರು. ನಮಗೆ ಸರಿದು ಜಾಗ ಕೊಟ್ಟರು. ಒಂದು ಪದವೂ ಅರ್ಥವಾಗಲಿಲ್ಲ, ಎದ್ದು ಬರಲು ಯಾರಿಗೂ ಮನಸ್ಸಾಗಲಿಲ್ಲ.

ಪಾಟನ್‌ನಿಂದ ಓಡಾಟ ಕಷ್ಟ ಅನ್ನುತ್ತಾರೆ. ಸಂಜೆ ಐದರಿಂದ ಏಳರವರೆಗೆ ಬಾಗ್ಮತಿ ಸೇತುವೆ ದಾಟುವುದು ನಿಜಕ್ಕೂ ಹಿಂಸೆ. ಉಳಿದ ಹೊತ್ತು ಪಠಾವೋ ಆ್ಯಪಿನಲ್ಲಿ ಟ್ಯಾಕ್ಸಿ ಸಿಗುತ್ತದೆ, ರಸ್ತೆಯಲ್ಲಿ ನಿಂತು ಚೌಕಾಸಿ ಮಾಡುವ ಕೆಲಸವಿಲ್ಲ. ಅದಕ್ಕೆ ಲೋಕಲ್ ಸಿಮ್ ತಗೊಳ್ಳಿ.

ಬಿಲ್ಲಿನದು ಒಂದು ಮಾತು. ನಾವು ಹೋದಾಗ ಸ್ವಲ್ಪ ದೊಡ್ಡ ಹೋಟೆಲುಗಳಲ್ಲಿ ಮೆನುವಿನ ದರದ ಮೇಲೆ 10% ಸರ್ವಿಸ್ ಚಾರ್ಜ್, ಅದರ ಮೇಲೆ 13% ವ್ಯಾಟ್ ಬೀಳುತ್ತಿತ್ತು. 100ರ ಊಟ 124 ಆಗುತ್ತಿತ್ತು. ಇದು ನಮಗೆ ಥಮೇಲ್‌ನಲ್ಲಿ ಪ್ರತಿ ಊಟಕ್ಕೂ ತಗುಲಿತು. ಪಾಟನ್‌ನ ಬಾರಾ ಅಂಗಡಿ, ಚಹಾದಂಗಡಿಗಳಲ್ಲಿ ಹೇಳಿದ ದರವೇ ದರ. ರೂಮಿಗೆ ಹೆಚ್ಚು ಕೊಟ್ಟ ದುಡ್ಡು ಹೀಗೆ ಮುಕ್ಕಾಲು ಪಾಲು ಸರಿಹೋಯಿತು.

ನಾನು ಹತ್ತಕ್ಕೆ ಮಲಗಿ ಐದೂವರೆಗೆ ಏಳುವವಳು. ನಡೆಯುವುದು ಇಷ್ಟ, ಬಾರ್ ಬೇಕಿಲ್ಲ. ರಾತ್ರಿ ಎರಡರವರೆಗೆ ಕುಣಿಯಬೇಕು ಅನ್ನುವ ಗುಂಪಿಗೆ ಥಮೇಲೇ ಸರಿ, ಅವರಿಗೆ ಪಾಟನ್ ಒಂಬತ್ತಕ್ಕೇ ಬೇಸರ ತರಿಸುತ್ತದೆ. ನಮ್ಮಂಥವರು ಪಾಟನ್‌ನಲ್ಲಿ ರೂಮು ಹುಡುಕುವಾಗ ದರ್ಬಾರ್ ಚೌಕಕ್ಕೂ ಅಲ್ಲಿನ ಗೋಲ್ಡನ್ ಟೆಂಪಲ್ ಅನ್ನುವ ಬೌದ್ಧ ವಿಹಾರಕ್ಕೂ ನಡುವಿನ ಓಣಿಗಳನ್ನು ನೋಡಿ. ರಾತ್ರಿ ಹೊರಬಾಗಿಲು ಎಷ್ಟಕ್ಕೆ ಹಾಕುತ್ತಾರೆ, ಬಾತ್‌ರೂಮ್ ಅದೇ ಮಹಡಿಯಲ್ಲಿದೆಯಾ, ಇವೆರಡನ್ನೂ ದುಡ್ಡು ಕಳಿಸುವ ಮೊದಲೇ ಕೇಳಿಕೊಳ್ಳಿ.