ಮುಷ್ಟಿ ತೊಗರಿ ನೋಡಿ ದರ ಕಟ್ಟುವ ಸಮಿತಿ

ಕಲಬುರಗಿ ಗಂಜ್‌ನಲ್ಲಿ ತೊಗರಿ ವ್ಯಾಪಾರ ನೋಡಿದವರಿಗೆ ಅಮೆರಿಕದ ಕಾಲೇಜು ಫುಟ್‌ಬಾಲ್‌ನ ಆಯ್ಕೆ ಸಮಿತಿ ಬೇಗ ಅರ್ಥವಾಗುತ್ತದೆ. ಪ್ಲೇಆಫ್‌ಗೆ, ಅಂದರೆ ಚಾಂಪಿಯನ್ ಯಾರೆಂದು ತೀರ್ಮಾನಿಸುವ ಕೊನೆಯ ನಾಕೌಟ್ ಪಂದ್ಯಗಳಿಗೆ, ತಂಡ ಆರಿಸುವ ಸಮಿತಿ ಇದು. ಚೀಲಕ್ಕೆ ಕೈ ಹಾಕಿ, ಮುಷ್ಟಿ ಕಾಳು ಅಂಗೈ ಮೇಲೆ ಹರಡಿ, ಕಸ-ಹುಳುಕು ನೋಡಿ ದರ ಹೇಳಿದ ಹಾಗೆ. ಎಲ್ಲ ಕಣ್ಣಂದಾಜು. (ಇದು ನಮ್ಮ ಕಾಲ್ಚೆಂಡಲ್ಲ, ಹೆಲ್ಮೆಟ್ ಹಾಕಿ ಚೆಂಡು ಹಿಡಿದು ಓಡುವ ಆಟ.)

1998ರಿಂದ 2013ರ ಸೀಸನ್‌ವರೆಗೆ ಫೈನಲ್‌ಗೆ ತಂಡ ಆರಿಸುತ್ತಿದ್ದ ಬಿಸಿಎಸ್ ಪದ್ಧತಿಯಲ್ಲಿ ಮತದ ಜೊತೆ ಕಂಪ್ಯೂಟರ್ ಲೆಕ್ಕವೂ ಇತ್ತು. 2014ರಿಂದ 13 ಜನರ ಸಮಿತಿಯದೇ ಮಾತು. ಪ್ರತಿ ಸದಸ್ಯರೂ 30 ತಂಡಗಳ ಪಟ್ಟಿ ಕೊಡಬೇಕು. ಕನಿಷ್ಠ ಮೂವರ ಪಟ್ಟಿಯಲ್ಲಿದ್ದ ತಂಡವಷ್ಟೇ ಚರ್ಚೆಗೆ. ಆಮೇಲೆ ಸಣ್ಣ ಗುಂಪು ಮಾಡಿಕೊಂಡು, ಸುತ್ತುಸುತ್ತಾಗಿ ಮತ ಹಾಕುತ್ತ ಮೊದಲ ಸ್ಥಾನದಿಂದ 25ನೇ ಸ್ಥಾನದವರೆಗೆ ಇಳಿಯುತ್ತಾರೆ. ತಮ್ಮ ಕಾಲೇಜಿನ ಮಾತು ಬಂತೆಂದರೆ ಆ ಸದಸ್ಯರು ಕೋಣೆಯಿಂದ ಎದ್ದು ಹೊರಗೆ. ಈ ಶಿಸ್ತಿಗೆ ಪೂರ್ತಿ ಅಂಕ.

ತೂಗುವ ಕಡೆಯೇ ತೊಂದರೆ. ಎದುರಾಳಿಗಳ ಬಲ, ಪರಸ್ಪರ ಆಡಿದಾಗ ಗೆದ್ದವರು, ಕಾನ್ಫರೆನ್ಸ್ (ತಮ್ಮತಮ್ಮಲ್ಲೇ ಆಡುವ ಕಾಲೇಜುಗಳ ಕೂಟ) ಪ್ರಶಸ್ತಿ, ಗಾಯಾಳುಗಳು, ಎಲ್ಲವನ್ನೂ ನೋಡುತ್ತಾರೆ. ಯಾವುದಕ್ಕೆ ಎಷ್ಟು ಅಂಕ ಅಂತ ಮಾತ್ರ ಇಲ್ಲ. 2023ರಲ್ಲಿ ಫ್ಲೋರಿಡಾ ಸ್ಟೇಟ್ 13ಕ್ಕೆ 13 ಗೆದ್ದರೂ ಆಗ ಪ್ಲೇಆಫ್‌ಗೆ ಹೋಗುತ್ತಿದ್ದ ಮೊದಲ ನಾಲ್ಕರಲ್ಲಿ ಜಾಗ ಸಿಗಲಿಲ್ಲ, ಚೆಂಡೆಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ಗಾಯಗೊಂಡಿದ್ದ. ಒಂದು ಪಂದ್ಯ ಸೋತಿದ್ದ ಅಲಬಾಮಾ ಒಳಗೆ ಬಂತು. ಫ್ಲೋರಿಡಾ ಸ್ಟೇಟ್‌ನ ಬೇಸತ್ತ ಆಟಗಾರರು ಬಹಳ ಮಂದಿ ಮುಂದಿನ ಪಂದ್ಯ ಆಡಲಿಲ್ಲ, ಆರೆಂಜ್ ಬೌಲ್‌ನಲ್ಲಿ (ಬೌಲ್ ಅಂದರೆ ಸೀಸನ್ ಮುಗಿದ ಮೇಲಿನ ವಿಶೇಷ ಪಂದ್ಯ) ಆ ತಂಡ ಜಾರ್ಜಿಯಾಕ್ಕೆ 63-3ರಿಂದ ಸೋತಿತು.

2024ರಲ್ಲಿ ಪ್ಲೇಆಫ್‌ಗೆ ನಾಲ್ಕರ ಬದಲು 12 ತಂಡ ಮಾಡಿದರು: ಮೇಲಿನ ಐದು ಕಾನ್ಫರೆನ್ಸ್ ಚಾಂಪಿಯನ್ನರು, ಉಳಿದ ಏಳು ರ‍್ಯಾಂಕಿಂಗ್ ಮೇಲೆ. ಮೊದಲ ನಾಲ್ವರಿಗೆ ಮೊದಲ ಸುತ್ತು ಆಡುವ ಕೆಲಸವಿಲ್ಲ, 5ರಿಂದ 8ರವರಿಗೆ ತವರು ಮೈದಾನ. ಆ ವರ್ಷ ಮೊದಲ ನಾಲ್ಕು ಸ್ಥಾನ ಚಾಂಪಿಯನ್ನರಿಗೇ ಅಂತ ಕಟ್ಟಿಟ್ಟದ್ದು ಎಡವಟ್ಟಾಯಿತು. 9ನೇ ರ‍್ಯಾಂಕಿನ ಬಾಯ್ಸಿ ಸ್ಟೇಟ್ ಮೂರಕ್ಕೆ ಏರಿತು, 12ನೇ ರ‍್ಯಾಂಕಿನ ಅರಿಝೋನಾ ಸ್ಟೇಟ್ ನಾಲ್ಕಕ್ಕೆ. ಪುಕ್ಕಟೆ ವಿರಾಮ ಪಡೆದ ನಾಲ್ಕೂ ತಂಡ ಕ್ವಾರ್ಟರ್‌ಫೈನಲ್‌ನಲ್ಲೇ ಮನೆಗೆ ಹೋದವು. 2025ರಿಂದ ರ‍್ಯಾಂಕಿನಂತೆಯೇ ಕ್ರಮ, ಇದು ಸರಿಯಾದ ರಿಪೇರಿ.

ಪ್ಲೇಆಫ್ ಬಿಟ್ಟು ಉಳಿದ ಬೌಲ್‌ಗಳದ್ದು ಬೇರೆ ವ್ಯವಹಾರ. 12 ಪಂದ್ಯದಲ್ಲಿ 6 ಗೆದ್ದರೆ ಅರ್ಹತೆ. ಕೆಳದರ್ಜೆಯ ಎಫ್‌ಸಿಎಸ್ ತಂಡದ ಮೇಲಿನ ಗೆಲುವು ಒಂದನ್ನೇ ಹಿಡಿಯುತ್ತಾರೆ. ಅರ್ಹರು ಸಾಲದಿದ್ದರೆ 5 ಗೆದ್ದು 7 ಸೋತ ತಂಡಗಳನ್ನೂ ಕರೆಯುತ್ತಾರೆ, ಅದೂ ಓದಿನ ಪ್ರಗತಿಯ ಅಂಕ ನೋಡಿ! ಯಾವ ಕಾನ್ಫರೆನ್ಸ್‌ನಿಂದ ಯಾವ ಬೌಲ್‌ಗೆ ಅನ್ನೋದು ಮೊದಲೇ ಒಪ್ಪಂದವಾಗಿರುತ್ತದೆ. ಹಾಗಾಗಿ ಚೆನ್ನಾಗಿ ಆಡಿದವರಿಗಿಂತ ಊರು ಬಿಟ್ಟು ಬಂದು ಟಿಕೆಟ್, ಹೋಟೆಲ್ ತುಂಬಿಸುವ ಅಭಿಮಾನಿಗಳಿದ್ದವರಿಗೆ ಬೆಲೆ ಹೆಚ್ಚು.

ಪ್ಲೇಆಫ್ ಆಯ್ಕೆಗೆ ಐದಕ್ಕೆ ಮೂರೂವರೆ, ಸಣ್ಣ ಬೌಲ್‌ಗಳಿಗೆ ಎರಡು. ರ‍್ಯಾಂಕಿಂಗ್ ಅಲ್ಲಿ ಮಂಗಳವಾರ ರಾತ್ರಿ ಬರುತ್ತದೆ, ನಮಗೆ ಬುಧವಾರ ನಸುಕಿಗೆ. ಅಂತಿಮ ಪಟ್ಟಿ ಡಿಸೆಂಬರ್ ಆರಂಭದ ಭಾನುವಾರ, ಅಲ್ಲಿ ಮಧ್ಯಾಹ್ನ 12 ಅಂದರೆ ಕಲಬುರಗಿಯಲ್ಲಿ ರಾತ್ರಿ ಹತ್ತೂವರೆ. ಊಟ ಮುಗಿಸಿಕೊಂಡೇ ಕೂರಬಹುದು.